‘ತಗುಲಿತು’ ಎನ್ನುವ ಮಗು



ಮಕ್ಕಳಿಗೆ ರಜೆ ಬಂತೆಂದರೆ ನಮಗೆ ಕೆಲಸ ಎರಡು ಪಟ್ಟು. ಮಾಳಿಗೆಯ ಮೇಲೆ ಹಾಕಿದ ಸಂಡಿಗೆಯನ್ನು ಕಾಗೆಗಳಿಂದ ಕಾಯುವುದೋ, ಬಿಸಿಲಿಗೆ ಓಡುವ ಮಕ್ಕಳನ್ನು ಕಾಯುವುದೋ ತಿಳಿಯದು. ಲಗೋರಿ, ಚಿನ್ನಿದಾಂಡು, ಮರಕೋತಿ ಆಟಗಳ ಗಲಾಟೆ ಕೇಳುತ್ತಿದ್ದ ನಮ್ಮ ಹೊಳಲ್ಕೆರೆಯ ಬೀದಿಗಳಲ್ಲಿ ಈಗ ಹೊಸ ಕೂಗೊಂದು ಕೇಳಿಬರುತ್ತಿದೆ.

“ಲೋ, ನಿನಗೆ ತಗುಲ್ತು! ನೀನೀಗ ಜೋಂಬಿ!”

“ಇಲ್ಲ ಕಣೋ, ನನಗೆ ತಗುಲೇ ಇಲ್ಲ!”

“ಸುಳ್ಳು ಹೇಳಬೇಡ, ನಾನೇ ನೋಡ್ದೆ!”

ಕೈಯಲ್ಲಿ ಜಾತ್ರೆಯಲ್ಲಿ ಕೊಂಡ ಪ್ಲಾಸ್ಟಿಕ್ ಬಂದೂಕು, ಜೇಬಿನ ತುಂಬ ಹಳದಿ ಗುಂಡು. ಜೋಂಬಿ ಎಂದರೆ ಸತ್ತ ಮೇಲೂ ಎದ್ದು ಓಡಾಡುವ ಹೆಣವಂತೆ. ಅದು ಮುಟ್ಟಿದವರೂ ಜೋಂಬಿ ಆಗುತ್ತಾರಂತೆ. ನಾವು ಚಂದಮಾಮದಲ್ಲಿ ಓದಿದ ಬೇತಾಳಕ್ಕೆ ಕಥೆ ಹೇಳುವ ಬುದ್ಧಿಯಾದರೂ ಇತ್ತು, ಈ ಜೋಂಬಿಗೆ ಅದೂ ಇಲ್ಲ! ಹೈಟಿ ದೇಶದ ಜನರ ನಂಬಿಕೆಯಿಂದ ಬಂದ ಈ ಹೆಸರು, 1968ರ ಒಂದು ಅಮೆರಿಕನ್ ಸಿನಿಮಾದ ನಂತರ ಲೋಕವೆಲ್ಲ ಹಬ್ಬಿ, ಈಗ ಮೊಬೈಲಿನ ಮೂಲಕ ನಮ್ಮ ಅಂಗಳಕ್ಕೂ ಬಂದಿದೆ.

ಇದನ್ನು ಕಂಡು “ಅಯ್ಯೋ, ಕಾಲ ಕೆಟ್ಟಿತು” ಎಂದು ತಲೆ ಮೇಲೆ ಕೈ ಹೊತ್ತು ಕೂರಬೇಕಾಗಿಲ್ಲ. ಒಂದು ಗಳಿಗೆ ಯೋಚಿಸಿ ನೋಡಿ. ನಾವು ಚಿಕ್ಕವರಿದ್ದಾಗ ಸರಪಳಿ ಆಟ ಆಡುತ್ತಿರಲಿಲ್ಲವೇ? ಮುಟ್ಟಿಸಿಕೊಂಡವಳು ಮುಟ್ಟಿದವಳ ಕೈ ಹಿಡಿದು ಸರಪಳಿಗೆ ಸೇರಿಕೊಳ್ಳಬೇಕು, ಸರಪಳಿ ಬೆಳೆಯುತ್ತಾ ಹೋಗಬೇಕು. ವಿಷ-ಅಮೃತದಲ್ಲಿ ಮುಟ್ಟಿಸಿಕೊಂಡವಳು ಕಲ್ಲಿನಂತೆ ನಿಲ್ಲಬೇಕು, ಗೆಳತಿ ಬಂದು ಮುಟ್ಟಿದರೆ ಜೀವ. ಕಬಡ್ಡಿಯಲ್ಲೂ ಔಟಾದವನು ತನ್ನ ಕಡೆಯವರು ಎದುರಾಳಿಯನ್ನು ಔಟ್ ಮಾಡಿದರೆ ಮತ್ತೆ ಎದ್ದು ಬರುತ್ತಾನೆ. ಸಾಯುವುದು, ಬದುಕುವುದು ಮಕ್ಕಳ ಆಟದಲ್ಲಿ ಹೊಸದೇನಲ್ಲ. ಹೊಸದು ಕೈಯಲ್ಲಿರುವ ಬಂದೂಕು. ಹಳೆಯದೇ ಆದರೂ ನಾವು ಮರೆತದ್ದು, ಮುಟ್ಟಿಸಿಕೊಂಡವರು ತಾವಾಗಿಯೇ ಒಪ್ಪಿಕೊಳ್ಳಬೇಕೆಂಬ ನಿಯಮ. ಈ ಎರಡರ ಬಗ್ಗೆ ಈ ಸಲ ಮಾತಾಡೋಣ.

ಗುಂಡಿನ ಬಂದೂಕಿನ ಈ ಆಟಕ್ಕೆ ಹೊರಗಡೆ ‘ಏರ್‌ಸಾಫ್ಟ್’ ಎಂದು ಹೆಸರು. ಇದು 1970ರ ದಶಕದಲ್ಲಿ ಜಪಾನಿನಲ್ಲಿ ಶುರುವಾದದ್ದು. ಅಲ್ಲಿ ನಿಜವಾದ ಬಂದೂಕಿಗೆ ಕಾನೂನು ಬಹಳ ಬಿಗಿ. ಹಾಗಾಗಿ 6 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಗುಂಡು ಹಾರಿಸುವ ಆಟದ ಬಂದೂಕು ಮಾಡಿಕೊಂಡರು. ದೊಡ್ಡವರು ಕಾಡು, ಬಯಲುಗಳಲ್ಲಿ ಎರಡು ಗುಂಪಾಗಿ ಆಡುತ್ತಾರೆ. ಕೆಲವು ಸಲ ಒಂದು ಗುಂಪು ಮನುಷ್ಯರು, ಇನ್ನೊಂದು ಗುಂಪು ಜೋಂಬಿಗಳು. ಸಾಮಾನ್ಯವಾಗಿ ಜೋಂಬಿಗಳಿಗೆ ಬಂದೂಕಿಲ್ಲ, ಕೈಯಿಂದ ಮುಟ್ಟಿದರೆ ಸಾಕು.

ಈ ಆಟದಲ್ಲಿ ಒಂದು ವಿಶೇಷವಿದೆ. ಆ ಗುಂಡು ತಗುಲಿದರೆ ಬಟ್ಟೆಯ ಮೇಲೆ ಬಣ್ಣ ಬೀಳುವುದಿಲ್ಲ, ಗುರುತೂ ಉಳಿಯುವುದಿಲ್ಲ. ಮರದ ಮರೆಯಲ್ಲಿ ಯಾರಿಗೆ ತಗುಲಿತೆಂದು ಅಂಪೈರ್‌ಗೂ ಕಾಣದು. ತಗುಲಿಸಿಕೊಂಡವನಿಗೆ ಮಾತ್ರ ಗೊತ್ತು. ಅವನೇ ಕೈ ಮೇಲೆತ್ತಿ “ತಗುಲಿತು” ಎಂದು ಕೂಗಿ ಹೊರಗೆ ನಡೆಯಬೇಕು. ಹಲವರು ಜೇಬಿನಲ್ಲಿ ಒಂದು ಕೆಂಪು ಬಟ್ಟೆ ಇಟ್ಟುಕೊಂಡು, ಔಟಾದ ಕೂಡಲೇ ಅದನ್ನು ತಲೆಯ ಮೇಲೆ ಹಾಕಿಕೊಳ್ಳುತ್ತಾರೆ. ಇಡೀ ಆಟ ನಿಂತಿರುವುದು ಈ ಒಂದು ಪ್ರಾಮಾಣಿಕತೆಯ ಮೇಲೆ. ತಗುಲಿದರೂ ಬಾಯಿ ಬಿಡದೆ ಆಡುತ್ತಲೇ ಇರುವವನನ್ನು ಜಪಾನಿನ ಆಟಗಾರರು ಏನೆಂದು ಕರೆಯುತ್ತಾರೆ ಗೊತ್ತೇ? ‘ಜೋಂಬಿ’ ಎಂದೇ! ಸತ್ತರೂ ಸತ್ತೆನೆಂದು ಒಪ್ಪದವನು! ಅವರಲ್ಲಿ ಆಟಗಾರನಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ.

ನಮ್ಮ ದುರ್ಗದ ಸೀಮೆಯ ಮಕ್ಕಳಿಗೆ ಇದನ್ನು ತಿಳಿಸುವುದು ಸುಲಭ. ಕೋಟೆ ನೋಡಿ ಬಂದ ಮಕ್ಕಳು ಓಬವ್ವನ ಆಟ ಆಡದೆ ಬಿಡುವುದಿಲ್ಲ. 1972ರ ‘ನಾಗರಹಾವು’ ಚಿತ್ರದಲ್ಲಿ ಜಯಂತಿಯವರು ಓಬವ್ವನಾಗಿ ಒನಕೆ ಹಿಡಿದು ನಿಂತ ದೃಶ್ಯ ಇವತ್ತಿಗೂ ಟಿ.ವಿ.ಯಲ್ಲಿ ಬರುತ್ತದಲ್ಲ, ಅದನ್ನು ನೋಡಿ ಒಬ್ಬಳು ಒಲೆಯ ಊದುಗೊಳವೆ ಹಿಡಿದು ಬಾಗಿಲ ಮರೆಯಲ್ಲಿ ನಿಂತರೆ, ಉಳಿದವರು ಹೈದರನ ಸೈನಿಕರಾಗಿ ತೂರಿಕೊಂಡು ಬರುತ್ತಾರೆ. ಒನಕೆ ಸೋಕಿದ ಸೈನಿಕ ಬೀಳಲೇಬೇಕು. “ನಾನು ಬೀಳಲ್ಲ, ನನಗೆ ಪೆಟ್ಟೇ ಬಿದ್ದಿಲ್ಲ” ಎಂದು ಒಬ್ಬ ಹಟ ಹಿಡಿದರೆ ಆಟ ಅಲ್ಲಿಗೇ ಮುಗಿಯಿತು. ಓಬವ್ವ ಆದವಳಿಗೆ ಸಿಟ್ಟು ಬರುತ್ತದೆ, ಎರಡನೇ ಸಲ ಜೋರಾಗಿಯೇ ಬಾರಿಸುತ್ತಾಳೆ. ಪೆಟ್ಟಾಗುವುದು ಆಗಲೇ. ಬಂದೂಕಿನ ಆಟದಲ್ಲೂ ಹೀಗೆಯೇ. ಒಬ್ಬ ಒಪ್ಪದಿದ್ದರೆ ಇನ್ನೊಬ್ಬ ಹತ್ತಿರ ಬಂದು, ಮುಖಕ್ಕೇ ಗುರಿಯಿಟ್ಟು, ಒಂದರ ಮೇಲೊಂದು ಗುಂಡು ಹೊಡೆಯುತ್ತಾನೆ. ಸುಳ್ಳು ಮೊದಲು, ಗಾಯ ಆಮೇಲೆ. ಆಟದ ಸತ್ಯವೂ ಆಟದ ಸುರಕ್ಷೆಯೂ ಒಂದೇ ಹಗ್ಗದ ಎರಡು ಎಳೆಗಳು ಎನ್ನುವುದು ಇದಕ್ಕೇ.

ಆಟದಲ್ಲಿ ಸತ್ಯ ಹೇಳಿದರೆ ಸೋಲುತ್ತೇವಲ್ಲ ಎಂದು ಮಕ್ಕಳು ಕೇಳಬಹುದು. ಸೋಲಬಹುದು, ನಿಜ. ನಮ್ಮ ಪಕ್ಕದ ಜಿಲ್ಲೆಯ ಭದ್ರಾವತಿಯಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ ಅವರ ಕಥೆ ಹೇಳಿ. 1980ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಇಂಗ್ಲೆಂಡಿನ ಎದುರು ಸುವರ್ಣ ಮಹೋತ್ಸವದ ಟೆಸ್ಟ್ ಪಂದ್ಯ. ಭಾರತದ ನಾಯಕರು ವಿಶ್ವನಾಥ್. ಇಂಗ್ಲೆಂಡಿನ ಬಾಬ್ ಟೇಲರ್ ಔಟ್ ಎಂದು ಅಂಪೈರ್ ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಗುಲಿಲ್ಲವೆಂದು ಮನವರಿಕೆಯಾದ ವಿಶ್ವನಾಥ್ ಅಪೀಲನ್ನು ವಾಪಸು ಪಡೆದು ಟೇಲರ್ ಅವರನ್ನು ಮರಳಿ ಕರೆದರು. ಟೇಲರ್ ಮತ್ತು ಬೋಥಂ ಸೇರಿ 171 ರನ್ ಕೂಡಿಸಿದರು. ಭಾರತ 10 ವಿಕೆಟ್‌ಗಳಿಂದ ಸೋತಿತು. ಆ ಪಂದ್ಯದ ಸ್ಕೋರು ಯಾರಿಗೂ ನೆನಪಿಲ್ಲ. ವಿಶ್ವನಾಥ್ ಮಾಡಿದ್ದನ್ನು ಮಾತ್ರ ಜನ ಇಂದಿಗೂ ಹೇಳುತ್ತಾರೆ.

ಇನ್ನು ಸುರಕ್ಷೆಯ ಮಾತು. ಹೊಸದುರ್ಗದ ಕಡೆಯ ನಮ್ಮ ನೆಂಟರ ಮನೆಯಲ್ಲಿ ನಡೆದದ್ದನ್ನು, ಅವರ ಒಪ್ಪಿಗೆಯಿಂದಲೇ ಹೇಳುತ್ತೇನೆ. ಹತ್ತು ವರ್ಷದ ಹುಡುಗ. ರಜೆಗೆ ಬಂದ ಚಿಕ್ಕಪ್ಪ, ಅತ್ತೆಯರ ಮಕ್ಕಳೆಲ್ಲ ಸೇರಿ ತೆಂಗಿನ ತೋಟದಲ್ಲಿ ಇದೇ ಜೋಂಬಿ ಆಟ. ಬಂದೂಕು ಜಾತ್ರೆಯದು. “ಮನೇಲಿ ಹೇಳಿದವರನ್ನ ಆಟಕ್ಕೆ ಸೇರಿಸಲ್ಲ” ಎಂಬುದು ಹುಡುಗರು ತಾವೇ ಮಾಡಿಕೊಂಡ ಕಾನೂನು. ಗುಂಡು ಹುಡುಗನ ಕಣ್ಣಿಗೆ ತಗುಲಿತು. ಮನೆಗೆ ಬಂದವನು “ಧೂಳು ಬಿತ್ತು ಕಣಮ್ಮ” ಅಂದ. ತಾಯಿ ಸೆರಗಿನ ತುದಿ ಬೆಚ್ಚಗೆ ಮಾಡಿ ಒತ್ತಿದಳು, ಅಜ್ಜಿ ಹರಳೆಣ್ಣೆ ಬಿಟ್ಟರು. ಮೂರನೇ ದಿನ “ಎಲ್ಲ ಮಂಜು ಮಂಜು ಕಾಣ್ತದೆ” ಎಂದು ಅತ್ತಾಗ ಪೇಟೆಯ ಡಾಕ್ಟರ ಹತ್ತಿರ ಓಡಿದರು. ಡಾಕ್ಟರು ಕೇಳಿದ ಮೊದಲ ಪ್ರಶ್ನೆ, “ಏನು ತಗುಲಿತು? ಯಾವಾಗ?” ಹುಡುಗ ಬಾಯಿ ಬಿಡಲಿಲ್ಲ. ಕೊನೆಗೆ ಜೊತೆಗೆ ಬಂದಿದ್ದ ಆರು ವರ್ಷದ ತಂಗಿ ಎಲ್ಲ ಹೇಳಿದಳು.

ಕಣ್ಣಿನ ಮುಂಭಾಗದಲ್ಲಿ ರಕ್ತ ಸೇರಿತ್ತಂತೆ. ತಲೆ ಎತ್ತರಕ್ಕಿಟ್ಟು ಮಲಗಿಸಿ, ಹೊತ್ತು ಹೊತ್ತಿಗೆ ಔಷಧಿ ಬಿಟ್ಟು, ದೇವರ ದಯೆಯಿಂದ ದೃಷ್ಟಿ ಬಹುಮಟ್ಟಿಗೆ ಮರಳಿತು. ಆದರೆ ಇಂಥ ಪೆಟ್ಟು ತಿಂದ ಕಣ್ಣಿನಲ್ಲಿ ವರ್ಷಗಳ ನಂತರವೂ ಒತ್ತಡ ಏರಬಹುದು, ಪೊರೆ ಬರಬಹುದು. ಆದ್ದರಿಂದ ಅವನು ವರ್ಷಕ್ಕೊಮ್ಮೆ ಕಣ್ಣು ತೋರಿಸುತ್ತಲೇ ಇರಬೇಕು. ಗುಂಡು ಮಾಡಿದ್ದು ಒಂದು ಹಾನಿ, ಮುಚ್ಚಿಟ್ಟ ಮಾತಿನಿಂದ ಹೋದ ಆ ಎರಡು ದಿನ ಮಾಡಿದ್ದು ಇನ್ನೊಂದು.

“ಅಷ್ಟು ಸಣ್ಣ ಗುಂಡು, ಏನಾಗ್ತದೆ?” ಎನ್ನಬೇಡಿ. ಸರಿಯಾದ ಏರ್‌ಸಾಫ್ಟ್ ಬಂದೂಕಿನ ಗುಂಡಿನ ತೂಕ ಒಂದು ಗ್ರಾಮಿನ ಐದನೇ ಒಂದು ಭಾಗ ಇರಬಹುದು, ಆದರೆ ಅದು ಸೆಕೆಂಡಿಗೆ 90 ಮೀಟರಿನಷ್ಟು ವೇಗದಲ್ಲಿ ಹೋಗುತ್ತದೆ. ಬಸ್ಸಿಗಿಂತ ನಾಲ್ಕೈದು ಪಟ್ಟು ವೇಗ! ಜಪಾನಿನಲ್ಲಿ ಇದರ ಬಲ ಇಷ್ಟಕ್ಕಿಂತ ಮೀರಬಾರದೆಂದು 2006ರಲ್ಲಿ ಕಾನೂನನ್ನೇ ಬಿಗಿ ಮಾಡಿದರು. ಜಾತ್ರೆಯ ಬಂದೂಕಿಗೆ ಅಷ್ಟು ಬಲವಿಲ್ಲದಿರಬಹುದು, ಆದರೆ ಒಂದೊಂದು ಒಂದೊಂದು ತರಹ, ಅಳತೆ ನೋಡಿದವರು ಯಾರೂ ಇಲ್ಲ. ಮೈಗೆ ತಗುಲಿದರೆ ಇರುವೆ ಕಚ್ಚಿದಷ್ಟೇ ನೋವು. ಕಣ್ಣಿಗೆ ತಗುಲಿದರೆ ಲೆಕ್ಕವೇ ಬೇರೆ. ಕೈಕಾಲಿನ ಗಾಯ ಮಾಯುತ್ತದೆ, ಕಣ್ಣಿಗೆ ಎರಡನೇ ಅವಕಾಶವಿಲ್ಲ.

ಬಂದೂಕು ಕೊಡಿಸದೇ ಇದ್ದರೆ ಎಲ್ಲಕ್ಕಿಂತ ಒಳ್ಳೆಯದು. ಜೋಂಬಿ ಆಟಕ್ಕೆ ಬಂದೂಕು ಬೇಕೇ ಬೇಕೆಂದೇನೂ ಇಲ್ಲ. 2005ರಲ್ಲಿ ಅಮೆರಿಕದ ಮೇರಿಲ್ಯಾಂಡಿನ ಗೌಚರ್ ಕಾಲೇಜಿನ ವಿದ್ಯಾರ್ಥಿಗಳು ‘ಮನುಷ್ಯರು ಮತ್ತು ಜೋಂಬಿಗಳು’ ಎಂಬ ಆಟ ಕಟ್ಟಿದರು. ಅದರಲ್ಲಿ ಮೆತ್ತನೆಯ ಫೋಮಿನ ಬಾಣದ ಆಟಿಕೆ ಬಿಟ್ಟರೆ, ಎಸೆಯುವುದು ಉಂಡೆ ಮಾಡಿದ ಕಾಲುಚೀಲ! ಮನುಷ್ಯರು ತೋಳಿಗೆ ಪಟ್ಟಿ ಕಟ್ಟಿಕೊಳ್ಳುತ್ತಾರೆ, ಜೋಂಬಿಗಳು ತಲೆಗೆ ಕಟ್ಟಿಕೊಳ್ಳುತ್ತಾರೆ. ಕಾಲುಚೀಲ ತಗುಲಿದ ಜೋಂಬಿ ಸ್ವಲ್ಪ ಹೊತ್ತು ನಿಂತುಬಿಡಬೇಕು, ಜೋಂಬಿ ಮುಟ್ಟಿದ ಮನುಷ್ಯ ತಲೆಗೆ ಪಟ್ಟಿ ಕಟ್ಟಬೇಕು. ಕಾಲೇಜು ಓದುವವರಿಗೇ ಇದು ಸಾಕಾಗಿರುವಾಗ ನಮ್ಮ ಮಕ್ಕಳಿಗೆ ಸಾಲದೇ? ಜೊತೆ ತಪ್ಪಿದ ಕಾಲುಚೀಲ ಯಾರ ಮನೆಯಲ್ಲಿಲ್ಲ? ಹಳೆಯ ಸೀರೆಯ ಅಂಚು ಹರಿದರೆ ಹತ್ತು ಮಕ್ಕಳಿಗೆ ಪಟ್ಟಿಯಾಯಿತು.

ಮನೆಯಲ್ಲಿ ಆಗಲೇ ಬಂದೂಕು ಬಂದಿದ್ದರೆ, ಅಥವಾ ದೊಡ್ಡ ಹುಡುಗರು ಊರಿನಾಚೆ ಇಂಥ ಆಟಕ್ಕೆ ಹೊರಟಿದ್ದರೆ, ಈ ಮಾತುಗಳನ್ನು ಗಟ್ಟಿಯಾಗಿ ಹೇಳಿ:

1. ಕಣ್ಣಿಗೆ ರಕ್ಷಣೆ ಇಲ್ಲದವರಿಗೆ ಆಟವಿಲ್ಲ. ಓದುವ ಕನ್ನಡಕ, ಕೂಲಿಂಗ್ ಗ್ಲಾಸು ಸಾಲದು, ಅವು ಒಡೆದು ಚೂರು ಕಣ್ಣಿಗೇ ಹೋಗಬಹುದು. ಪಕ್ಕದಲ್ಲೂ ಮುಚ್ಚಿರುವ, ಪೆಟ್ಟು ತಡೆಯುವ ಪಾಲಿಕಾರ್ಬೊನೇಟ್ ಕನ್ನಡಕ ಬೇಕು. ಅದರ ಮೇಲೆ ‘ಐ.ಎಸ್. 5983’ ಅಥವಾ ‘ಝಡ್ 87+’ ಎಂಬ ಗುರುತು ಇದೆಯೇ ನೋಡಿ.

2. ಆಟ ಮುಗಿದು ಎಲ್ಲರೂ ಬಂದೂಕು ಕೆಳಗಿಡುವವರೆಗೆ ಕನ್ನಡಕ ತೆಗೆಯಬಾರದು. ಬೆವರು ಒರೆಸಲೂ ತೆಗೆಯಬಾರದು. ಒರೆಸಬೇಕಿದ್ದರೆ ಬಯಲಿನಿಂದ ಆಚೆ ಬರಬೇಕು.

3. ಜೋಂಬಿಗಳಿಗೂ ಕನ್ನಡಕ ಬೇಕು. “ನನ್ನ ಕೈಲಿ ಬಂದೂಕಿಲ್ಲ, ನನಗೇಕೆ” ಎನ್ನುತ್ತಾರೆ. ಎಲ್ಲರಿಗಿಂತ ಹೆಚ್ಚು ಗುಂಡು ತಿನ್ನುವವರು ಅವರೇ! ಕಣ್ಣು ಮರೆಯಾಗುವ ಭೂತದ ಮುಖವಾಡ ಹಾಕಿ ಓಡಿದರೆ ಮುಗ್ಗರಿಸುವುದು ಖಂಡಿತ.

4. ಹತ್ತಿರಕ್ಕೆ ಬಂದವರಿಗೆ ಹೊಡೆಯಬಾರದು. ಹತ್ತು ಹೆಜ್ಜೆಯೊಳಗೆ ಬಂದರೆ ಬಾಯಲ್ಲಿ “ಔಟ್” ಎಂದರೆ ಸಾಕು, ಎದುರಿನವರು ಒಪ್ಪಬೇಕು. ಮುಖಕ್ಕೆ, ಕತ್ತಿಗೆ ಗುರಿಯಿಡಬಾರದು. ಗೋಡೆಯ ಮರೆಯಿಂದ ನೋಡದೆ ಹೊಡೆಯಬಾರದು.

5. ಆಟದಲ್ಲಿ ಇಲ್ಲದವರ ಮೇಲೆ, ನಾಯಿ, ಕರು, ಹಕ್ಕಿಯ ಮೇಲೆ ಗುಂಡು ಹಾರಿಸಿದವನಿಗೆ ಅಂದಿಗೆ ಆಟ ಮುಗಿಯಿತು.

6. ಮೊಬ್ಬುಗತ್ತಲಲ್ಲಿ ಆಟ ಬೇಡ. ನಮ್ಮ ಕಡೆ ತೆರೆದ ಬಾವಿ, ಕಲ್ಲು ತೆಗೆದ ಗುಂಡಿ, ಮುಳ್ಳುತಂತಿ ಎಲ್ಲೆಲ್ಲಿ ಎಂದು ಹಗಲಲ್ಲೇ ನೋಡಿ ಗಡಿ ಹಾಕಿಕೊಳ್ಳಬೇಕು. ಚಿತ್ರದುರ್ಗದ ಕೋಟೆ, ಚಂದ್ರವಳ್ಳಿಯಂಥ ಜಾಗಗಳು ನೋಡಲಿಕ್ಕೆ, ಗುಂಡು ಹಾರಿಸಲಿಕ್ಕಲ್ಲ.

7. ಬಂದೂಕನ್ನು ಚೀಲದಲ್ಲಿಟ್ಟು ಒಯ್ಯಬೇಕು, ಬೀದಿಯಲ್ಲಿ ಝಳಪಿಸುತ್ತಾ ಹೋಗಬಾರದು. 2014ರ ನವೆಂಬರಿನಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಊರಿನ ಪಾರ್ಕಿನಲ್ಲಿ ಇಂಥದೇ ಆಟದ ಬಂದೂಕು ಹಿಡಿದಿದ್ದ ತಮೀರ್ ರೈಸ್ ಎಂಬ 12 ವರ್ಷದ ಬಾಲಕನನ್ನು, ನಿಜವಾದ ಬಂದೂಕೆಂದು ತಿಳಿದು ಪೊಲೀಸರು ಗುಂಡು ಹೊಡೆದರು. ಆಟಿಕೆ ಎಂದು ತಿಳಿಸುವ ಕಿತ್ತಳೆ ಬಣ್ಣದ ತುದಿ ಆ ಬಂದೂಕಿನಲ್ಲಿ ಇರಲಿಲ್ಲ. ಆ ಮಗು ಉಳಿಯಲಿಲ್ಲ. ಅಂಥ ಬಣ್ಣದ ತುದಿ ಇದ್ದರೆ ಕೀಳಬಾರದು, ಮಸಿ ಬಳಿಯಬಾರದು.

ಕೊಳ್ಳುವಾಗಲೂ ಎಚ್ಚರ ಬೇಕು. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐ.ಎಸ್.ಐ. ಗುರುತು ಕಡ್ಡಾಯ. ಹಿರಿಯೂರಿನ ತೇರುಮಲ್ಲೇಶ್ವರನ ಜಾತ್ರೆಯಿರಲಿ, ನಿಮ್ಮೂರಿನ ಸಂತೆಯಿರಲಿ, ಡಬ್ಬಿ ತಿರುಗಿಸಿ ನೋಡಿ. ಗುರುತಿಲ್ಲದಿದ್ದರೆ ಮಗು ಅತ್ತರೂ ಪರವಾಗಿಲ್ಲ, ಕೈ ಹಿಡಿದು ಮುಂದೆ ನಡೆಯಿರಿ. ಪಕ್ಕದ ಅಂಗಡಿಯ ಬತಾಸು ಕೊಡಿಸಿದರೆ ಅಳು ನಿಲ್ಲುತ್ತದೆ.

ಮನೆಯಲ್ಲೇ ಬಂದೂಕು ತಯಾರಿಸುವ ಹುಚ್ಚು ಇನ್ನೂ ಅಪಾಯ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದ ಭೋಪಾಲ್ ಮೊದಲಾದ ಊರುಗಳಲ್ಲಿ ‘ಕಾರ್ಬೈಡ್ ಗನ್’ ಎಂಬುದು ಹಬ್ಬಿತು. ಪ್ಲಾಸ್ಟಿಕ್ ಪೈಪಿನೊಳಗೆ ಕ್ಯಾಲ್ಸಿಯಂ ಕಾರ್ಬೈಡ್ ಮತ್ತು ನೀರು ಹಾಕಿದರೆ ಹೊತ್ತಿಕೊಳ್ಳುವ ಅನಿಲ ಹುಟ್ಟುತ್ತದೆ, ಕಿಡಿ ತಾಗಿಸಿದರೆ ಢಂ ಎನ್ನುತ್ತದೆ. ಢಂ ಎನ್ನದಿದ್ದಾಗ ಮಕ್ಕಳು ಪೈಪಿನೊಳಗೆ ಇಣುಕಿದರು. ನೂರಕ್ಕೂ ಹೆಚ್ಚು ಮಂದಿ ಕಣ್ಣಿನ ಗಾಯದಿಂದ ಆಸ್ಪತ್ರೆ ಸೇರಿದರು, ಕೆಲವರ ದೃಷ್ಟಿಯೇ ಹೋಯಿತು. ಇದನ್ನು ಮಾಡುವ ವಿಧಾನ ಮೊಬೈಲಿನ ವಿಡಿಯೋಗಳಲ್ಲಿ ಹರಿದಾಡಿತ್ತು. ಮಕ್ಕಳು ಮಾಳಿಗೆಯ ಮೂಲೆಯಲ್ಲಿ ಪೈಪಿನ ತುಂಡು ಸೇರಿಸುತ್ತಿದ್ದರೆ ಏಕೆಂದು ಕೇಳಿ.

ಅಕಸ್ಮಾತ್ ಕಣ್ಣಿಗೆ ಪೆಟ್ಟಾದರೆ ಏನು ಮಾಡಬೇಕು? ಇದನ್ನು ಕತ್ತರಿಸಿ ಅಡುಗೆಮನೆಯ ಕ್ಯಾಲೆಂಡರ್ ಪಕ್ಕ ಅಂಟಿಸಿಕೊಳ್ಳಿ.

ಗುಂಡು, ಚಿನ್ನಿ, ಕಲ್ಲು ತಗುಲಿದ್ದರೆ ಕಣ್ಣು ಉಜ್ಜಬಾರದು, ಒತ್ತಬಾರದು, ಶಾಖ ಕೊಡಬಾರದು. ಹರಳೆಣ್ಣೆ, ಜೇನುತುಪ್ಪ, ಎದೆಹಾಲು, ನಂದಿಬಟ್ಟಲ ರಸ ಯಾವುದನ್ನೂ ಹಾಕಬಾರದು. ಒಳಗೆ ಏನಾದರೂ ಚುಚ್ಚಿಕೊಂಡಿದ್ದರೆ ಕೀಳಬಾರದು. ಕಾಗದದ ಲೋಟದ ತಳವನ್ನು ಕಣ್ಣಿಗೆ ತಾಗದಂತೆ ಮೇಲೆ ಮುಚ್ಚಿ, ಮಗುವಿನ ತಲೆ ಎತ್ತರಕ್ಕಿಟ್ಟು, ತಕ್ಷಣ ಕಣ್ಣಿನ ಡಾಕ್ಟರ ಬಳಿಗೆ ಒಯ್ಯಿರಿ. ಡಾಕ್ಟರನ್ನು ಕೇಳದೆ ನೋವಿನ ಮಾತ್ರೆ ಕೊಡಬೇಡಿ, ಆಸ್ಪಿರಿನ್‌ನಂಥವು ರಕ್ತಸ್ರಾವ ಹೆಚ್ಚಿಸಬಹುದು. ಸುಣ್ಣ, ಕಾರ್ಬೈಡ್, ಆಸಿಡ್ ಬಿದ್ದಿದ್ದರೆ ಮಾತ್ರ ಬೇರೆ ಕ್ರಮ. ಕೂಡಲೇ ರೆಪ್ಪೆ ಅಗಲಿಸಿ ಹಿಡಿದು, ಶುದ್ಧ ನೀರನ್ನು ಧಾರಾಳವಾಗಿ ಹದಿನೈದು ಇಪ್ಪತ್ತು ನಿಮಿಷ ಸುರಿದು ತೊಳೆದು, ಆಮೇಲೆ ಓಡಿ. ನೋವು ಕಡಿಮೆಯಾಯಿತೆಂದು ಸುಮ್ಮನಾಗಬೇಡಿ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಉಳಿಯುತ್ತದೆ, ಅದು ನಮಗೇ ಸೇರಿದ್ದು. ಹೊಸದುರ್ಗದ ಆ ಹುಡುಗ ಏಕೆ ಸುಳ್ಳು ಹೇಳಿದ? ಆಟ ತಪ್ಪುವ ಭಯ ಒಂದು. ಮನೆಯಲ್ಲಿ ಬೀಳುವ ಒದೆಯ ಭಯ ಇನ್ನೊಂದು. ಲೋಟ ಒಡೆದಾಗ “ಯಾರು ಒಡೆದದ್ದು?” ಎಂದು ಕೇಳುತ್ತೇವೆ. “ನಾನು” ಎಂದ ಮಗುವಿಗೆ ಏಟು, ಸುಮ್ಮನಿದ್ದ ಮಗುವಿಗೆ ಏನೂ ಇಲ್ಲ. ಹೀಗಾದರೆ ಮಗು ಕಲಿಯುವ ಪಾಠವೇನು? ತಗುಲಿದರೂ ತಗುಲಿಲ್ಲ ಎನ್ನುವುದೇ ಲಾಭ ಎಂದಲ್ಲವೇ? ಅದೇ ಬುದ್ಧಿಯನ್ನು ಅದು ಬಯಲಿಗೂ ಒಯ್ಯುತ್ತದೆ, ದೊಡ್ಡವನಾದ ಮೇಲೆ ಆಫೀಸಿಗೂ, ಸಂಸಾರಕ್ಕೂ ಒಯ್ಯುತ್ತದೆ.

ಹಾಗೆಂದು ತಪ್ಪಿಗೆ ಶಿಕ್ಷೆಯೇ ಬೇಡವೆಂದು ನಾನು ಹೇಳುವುದಿಲ್ಲ. ಗಾಜು ಒಡೆದವನು ಚೂರು ಗುಡಿಸಲಿ, ಒಂದು ದಿನ ಬಂದೂಕು ಬೀರುವಿನೊಳಗೆ ಇರಲಿ. ಆದರೆ ತಾನಾಗಿ ಬಂದು ಹೇಳಿದ ಮಗುವಿಗೆ ಮೊದಲು “ಹೇಳಿದ್ದು ಒಳ್ಳೇದಾಯ್ತು ಕಂದ” ಎನ್ನಿ. ಏಟನ್ನಂತೂ ಕೊಡಬೇಡಿ. ಮಕ್ಕಳೆಲ್ಲರನ್ನೂ ಕೂರಿಸಿಕೊಂಡು, ಆಟದಲ್ಲಿ ಯಾರಿಗೇ ಪೆಟ್ಟಾದರೂ ಬಂದು ಹೇಳಿದವರಿಗೆ ನಮ್ಮ ಮನೆಯಲ್ಲಿ ಬೈಗುಳವಿಲ್ಲ ಎಂದು ಮೊದಲೇ ಮಾತು ಕೊಡಿ. ಕೊಟ್ಟ ಮಾತನ್ನು ನಡೆಸಿ. ಯಜಮಾನರಿಗೂ ಹೇಳಿಡಿ, ಅತ್ತೆಯವರಿಗೂ ಹೇಳಿಡಿ. ಒಬ್ಬರು ಮಾತು ಕೊಟ್ಟು ಇನ್ನೊಬ್ಬರು ಕೋಲು ಹಿಡಿದರೆ ಮಗು ಮುಂದಿನ ಸಲ ಬಾಯಿ ಬಿಡುವುದಿಲ್ಲ.

ಸಂಜೆ ಆಟ ಮುಗಿದು ಬಂದಾಗ “ಗೆದ್ದೆಯಾ?” ಎಂದು ಕೇಳುವ ಬದಲು “ಇವತ್ತು ನಿನಗೆ ಎಷ್ಟು ಸಲ ತಗುಲ್ತು?” ಎಂದು ಕೇಳಿ ನೋಡಿ. “ಮೂರು ಸಲ ಕಣಮ್ಮ, ಮೂರು ಸಲಾನೂ ನಾನೇ ಹೇಳ್ದೆ” ಎಂದರೆ ಅವನ ಬೆನ್ನು ತಟ್ಟಿ. ಎರಡೂ ಗುಂಪಿನ ಮಕ್ಕಳನ್ನು ಜಗಲಿಯ ಮೇಲೆ ಕೂರಿಸಿ, ಮೊರದ ತುಂಬ ಒಗ್ಗರಣೆ ಮಂಡಕ್ಕಿ ಇಟ್ಟುಬಿಡಿ. ಮನುಷ್ಯರೂ ಜೋಂಬಿಗಳೂ ಒಟ್ಟಿಗೆ ತಿನ್ನಲಿ. ಕೈ ತೊಳೆದುಕೊಂಡು ಬರಲಿಕ್ಕೆ ಹೇಳುವುದನ್ನು ಮಾತ್ರ ಮರೆಯಬೇಡಿ!